ನೆಲದ ಗೆರೆಯ ಕೆಳಗೆ

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ನನ್ನ ಬಸಿಯೊಳಗಿನ ಚಹಾ ನಡುಗಿತು. ಬೈಲಹೊಂಗಲದ ಬಸ್ಸು ಹನ್ನೊಂದಕ್ಕಿತ್ತು. ತಪ್ಪೀತೆಂಬ ಆತುರದಲ್ಲಿ ಆಗಷ್ಟೇ ಗಡಿಯಾರ ನೋಡಿಕೊಂಡಿದ್ದೆ, ಅದಕ್ಕೇ ಹೊತ್ತು ಇಷ್ಟು ಖಚಿತವಾಗಿ ನೆನಪಿದೆ. ನಮ್ಮ ಕಡೆ ಚಹಾವನ್ನು ಕಪ್ಪಿನಿಂದ ಬಸಿಗೆ ಸುರುವಿಕೊಂಡು ಆರಿಸಿ ಕುಡಿಯುವುದು ರೂಢಿ. ಬಸಿಗೆ ಬಿದ್ದ ಚಹಾ ಕ್ಷಣಹೊತ್ತು ತೂಗಾಡಿ, ಆಮೇಲೆ ಕನ್ನಡಿಯಷ್ಟು ಸಮನಾಗಿ ನಿಂತುಬಿಡುತ್ತದೆ. ನೆಲದ ಸಮ ನೋಡಲು ಗೌಂಡಿಗಳು ಇಟ್ಟುಕೊಂಡಿರುವ ರಸಮಟ್ಟಕ್ಕೂ ಬಸಿಯ ಚಹಾಕ್ಕೂ ಗುಣ ಒಂದೇ ಎಂದು ನಾನು ಕಾಲೇಜಿನ ದಿನಗಳಿಂದಲೂ ತಮಾಷೆ ಮಾಡುತ್ತಿದ್ದವಳು. ಅಂದು ಮುನವಳ್ಳಿಯ ಒಂದು ಮನೆಯ ಹಿತ್ತಲ ಹೊಸ್ತಿಲಲ್ಲಿ ನಿಂತಿದ್ದಾಗ, ತುಟಿಯ ಹತ್ತಿರ ಬಂದಿದ್ದ ಬಸಿಯಲ್ಲಿ ಬಳೆಯಂಥ ಒಂದು ಸಣ್ಣ ಅಲೆ ಎದ್ದು, ಅಂಚಿಗೆ ಬಡಿದು, ಮಾಯವಾಯಿತು. ಕಾಲ ಕೆಳಗಿನ ನೆಲದ ಸುದ್ದಿ ಮೊದಲು ಮುಟ್ಟಿದ್ದು ನನಗಲ್ಲ, ನನ್ನ ಚಹಾಕ್ಕೆ.

ಎರಡು ಸಾವಿರದ ಇಸವಿ ದಾಟಿ ಕೆಲವೇ ವರ್ಷಗಳಾಗಿದ್ದ ಕಾಲ ಅದು. ಸಿವಿಲ್ ಇಂಜಿನಿಯರಿಂಗ್ ಮುಗಿಸಿ ಬೈಲಹೊಂಗಲದ ಒಂದು ಸಣ್ಣ ನಕಾಶೆ ಕಚೇರಿಯಲ್ಲಿ ಕೆಲಸಕ್ಕಿದ್ದೆ. ಕಚೇರಿಗೆ ಹೊಸದಾಗಿ ಕಂಪ್ಯೂಟರ್ ಬಂದಿತ್ತು. ಅದರ ಕೋಣೆಗೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ಕೆಲಸ ಮುಗಿದ ಮೇಲೆ ಅದಕ್ಕೆ ಸಾಹೇಬರ ಹೆಂಡತಿ ಕಸೂತಿ ಹಾಕಿ ಕೊಟ್ಟ ಬಟ್ಟೆ ಹೊದಿಸಬೇಕು. ಕರೆಂಟು ಹೋದಾಗ ಮೂಲೆಯ ಬ್ಯಾಟರಿ ಪೆಟ್ಟಿಗೆ ಗೂಬೆಯಂತೆ ಕೂಗಿ ಎಚ್ಚರಿಸುತ್ತಿತ್ತು. ಕಾಗದದ ಮೇಲೆ ಚಪ್ಪಟೆಯಾಗಿ ಮಲಗಿರುವ ಮನೆಯನ್ನು ಆ ಪರದೆಯೊಳಗೆ ಎಬ್ಬಿಸಿ ನಿಲ್ಲಿಸುವುದು ನನ್ನ ಕೆಲಸವಾಗಿತ್ತು. ಮೇಲಿನಿಂದ ನೋಡಿದ ಪ್ಲ್ಯಾನು, ಕಬ್ಬು ಕೊಯ್ದಂತೆ ಮನೆಯನ್ನು ಕೊಯ್ದು ತೋರಿಸುವ ಸೆಕ್ಷನ್ನು, ಮುಂದಿನಿಂದ ಕಾಣುವ ಎಲಿವೇಶನ್ನು, ಈ ಮೂರು ಹಾಳೆಗಳನ್ನು ಎದುರಿಗೆ ಹರಡಿಕೊಂಡು, ಗೆರೆಯನ್ನು ಹಿಡಿದೆಳೆದು ಗೋಡೆಯಾಗಿಸಿ, ಗೋಡೆಯಲ್ಲಿ ಕಿಂಡಿ ಕೊರೆದು ಕಿಟಕಿಯಾಗಿಸಿ, ಮೆಟ್ಟಿಲಿನ ಒಂದೊಂದು ಹಂತವನ್ನೂ ಕೂಡಿಸುತ್ತಾ ಹೋದರೆ, ಒಂದು ದಿನ ಆ ಮನೆ ತಾನೇ ತಾನಾಗಿ ತಿರುಗಿ ನಮ್ಮನ್ನು ನೋಡುತ್ತದೆ. ಇಟ್ಟಿಗೆ ಇಲ್ಲ, ಸಿಮೆಂಟಿಲ್ಲ, ಬೆವರಿಲ್ಲ, ಆದರೂ ಮನೆ. ನನಗೆ ಆಗ ಇಪ್ಪತ್ತನಾಲ್ಕು. ಕಣ್ಣಿಗೆ ಕಂಡದ್ದೆಲ್ಲ ನನ್ನದು ಅನಿಸುವ ವಯಸ್ಸು.

ಮುನವಳ್ಳಿಯ ಆ ಮನೆ ನೀಲವ್ವನವರದು. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಹಿರಿಯ ಮಗ ಬಸವರಾಜ ಹೊಲ ನೋಡಿಕೊಳ್ಳುತ್ತಿದ್ದ. ಕಿರಿಯವ ಸಂಗಮೇಶ ಬಜಾರದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದ. ಮುಂದಿನ ಪಡಸಾಲೆ, ನಡುಮನೆಗಳನ್ನು ಹಾಗೇ ಉಳಿಸಿಕೊಂಡು, ಹಿಂದಿನ ಮಣ್ಣಂಗಳಕ್ಕೆ ಪರಸಿ ಕಲ್ಲು ಹಾಸಿ, ಅದರ ಸುತ್ತ ನಾಲ್ಕು ಹೊಸ ಕೋಣೆ ಕಟ್ಟುವುದೆಂದು ನಿರ್ಧಾರವಾಗಿತ್ತು. ಪರದೆಯ ಮೇಲೆ ಮನೆ ನೋಡುವ ಆಸೆ ಎಲ್ಲರಿಗಿಂತ ಹೆಚ್ಚಾಗಿ ಸಂಗಮೇಶನದು. ವಾರಕ್ಕೊಮ್ಮೆ ಬೈಲಹೊಂಗಲಕ್ಕೆ ಮಾಲು ತರಲು ಬಂದಾಗ ಕಚೇರಿಗೆ ಇಣುಕಿ, "ಇಂಜಿನಿಯರ್ ಬಾಯಾರ, ನಮ್ಮ ಮನಿ ಎಲ್ಲಿಗೆ ಬಂತ್ರಿ?" ಎಂದು ಕೇಳುತ್ತಿದ್ದ, ಮನೆಯೇನೋ ಬಸ್ಸು ಹತ್ತಿ ಬರುತ್ತಿದೆ ಎಂಬಂತೆ.

ಕೆಲಸ ಮುಗಿದ ದಿನ ತಾಯಿಯನ್ನೂ ಅಣ್ಣನನ್ನೂ ಕರೆದುಕೊಂಡು ಬಂದ. ನೀಲವ್ವನವರು ಸೆರಗು ಸರಿಮಾಡಿಕೊಂಡು, ಹಿರಿಯರ ಎದುರು ಕೂತ ಹಾಗೆ ಪರದೆಯ ಎದುರು ಕೂತರು. ನಾನು ಬಾಗಿಲು ತೆರೆದೆ, ಪಡಸಾಲೆ ದಾಟಿಸಿದೆ, ನಡುಮನೆಯಿಂದ ಅಂಗಳಕ್ಕೆ ಇಳಿಸಿದೆ. ಅಂಗಳದ ನಡುವೆ ಬೂದು ಬಣ್ಣದ ಒಬ್ಬ ಮನುಷ್ಯ ನಿಂತಿದ್ದ. ಗೋಡೆ ಎಷ್ಟು ಎತ್ತರ, ಬಾಗಿಲು ಎಷ್ಟು ಅಗಲ ಎಂಬುದು ನೋಡುವವರ ಅಂದಾಜಿಗೆ ಬರಲಿ ಎಂದು ಇಂಥ ಆಕೃತಿಯೊಂದನ್ನು ಇಡುವುದು ನಮ್ಮ ಕೆಲಸದ ಪದ್ಧತಿ. ಅವನಿಗೆ ಮುಖವಿರುವುದಿಲ್ಲ.

"ಯಾರಂವಾ, ನಮ್ಮ ಅಂಗಳದಾಗ ಬಂದ ನಿಂತಾನ?" ಎಂದರು ನೀಲವ್ವನವರು.

"ನಾನ ಬೇ ಅವ್ವಾ" ಎಂದ ಸಂಗಮೇಶ. "ಬಾಯಾರ, ಅವಂಗ ಒಂದೀಟ ಹೊಟ್ಟಿ ಹಚ್ಚರಿ. ಗುರ್ತ ಸಿಗವಲ್ದು."

"ನಿನ್ನ ಹೊಟ್ಟಿ ಹಿಡಸಾಕ ಈ ಡಬ್ಬಿ ಸಾಲೂದಿಲ್ಲೊ" ಎಂದು ಬಸವರಾಜ ಬಾಯಿಬಿಟ್ಟು ನಕ್ಕ.

ನೀಲವ್ವನವರು ನಗಲಿಲ್ಲ. ಬಗ್ಗಿ, ಆ ಬೂದು ಮನುಷ್ಯನ ಕಾಲ ಬಳಿ ಗಾಜಿನ ಮೇಲೆ ಬೆರಳಿಟ್ಟು, "ಇದರ ಕೆಳಗ ಏನ ತೋರಸ್ತೈತಿ ತಂಗಿ, ಇದು?" ಎಂದು ಕೇಳಿದರು. ನಾನು ಉತ್ಸಾಹದಿಂದ ಮನೆಯನ್ನೇ ತಿರುವಿ ಹಾಕಿ ತಳ ತೋರಿಸಿದೆ. ಕಾಗದದಷ್ಟು ತೆಳ್ಳಗಿನ ನೆಲ. ಅದರ ಕೆಳಗೆ ಪರದೆಯ ಖಾಲಿ ಕತ್ತಲು. "ಕೆಳಗ ಏನೂ ಇಲ್ರೀ ಅವ್ವಾರ" ಎಂದೆ. ಅವರು ಬೆರಳು ತೆಗೆದರು. ಮುಖದಲ್ಲಿ ಸಮಾಧಾನ ಕಂಡಿತು. ನನ್ನ ಕೆಲಸ ಅವರಿಗೆ ಮೆಚ್ಚಿಗೆಯಾಯಿತೆಂದು ನಾನು ತಿಳಿದೆ.

ನೀವು ಮನೆಯ ನಕಾಶೆಗಳನ್ನು ನೋಡಿದವರಾದರೆ ಒಂದು ಸಂಗತಿ ಗಮನಿಸಿರುತ್ತೀರಿ. ಸೆಕ್ಷನ್ ಹಾಳೆಯಲ್ಲಿ ಮನೆಯ ಉದ್ದಕ್ಕೂ ಒಂದು ದಪ್ಪ ಗೆರೆ ಹರಿದಿರುತ್ತದೆ. ಅದು ನೆಲದ ಗೆರೆ. ಅದರ ಮೇಲೆ ಎಲ್ಲವೂ ಉಂಟು: ಗೋಡೆ, ತೊಲೆ, ಗೂಡು, ಬೆಳಕಿಂಡಿ, ಒಲೆಯ ಹೊಗೆ ಹೋಗುವ ದಾರಿ. ಕೆಳಗೆ ಮಾತ್ರ ಅಲ್ಲಲ್ಲಿ ಓರೆಯಾದ ಕೆಲವು ಗೀಟುಗಳು. ಇಲ್ಲಿಂದ ಕೆಳಗೆ ಮಣ್ಣು, ಮುಂದೆ ಕೇಳಬೇಡಿ ಎಂದು ಅದರ ಅರ್ಥ. ಕಾಲೇಜಿನಲ್ಲಿ ನಮಗೆ ಗೋಡೆ ಎಳೆಯಲು ತಿಂಗಳುಗಟ್ಟಲೆ ಕಲಿಸಿದರು. ಆ ಓರೆ ಗೀಟುಗಳನ್ನು ಯಾರೂ ಕಲಿಸಲಿಲ್ಲ, ನೋಡಿ ನೋಡಿಯೇ ಕೈಗೆ ಬಂದವು. ಮನುಷ್ಯರ ಬಗ್ಗೆಯೂ ನಾವು ಹೀಗೇ ಅಲ್ಲವೇ? ಒಬ್ಬರ ಮಾತು, ನಡೆ, ಉಡುಗೆ ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದುಕೊಂಡು, ಅವರೊಳಗೆ ಇರಬಹುದಾದದ್ದಕ್ಕೆ ನಾಲ್ಕು ಗೀಟು ಎಳೆದು ಮುಂದೆ ಹೋಗುತ್ತೇವೆ.

ಆ ದಿನ ನಾನು ಮುನವಳ್ಳಿಗೆ ಹೋದದ್ದು ಒಂದು ಚೌಕಟ್ಟಿನ ಅಳತೆ ಪರೀಕ್ಷಿಸಲು. ಕೆಲಸ ಬೇಗ ಮುಗಿಯಿತು. ಆಗಲೇ ಟ್ರ್ಯಾಕ್ಟರಿನಲ್ಲಿ ಪರಸಿ ಕಲ್ಲುಗಳು ಬಂದಿದ್ದವು. ಬಸವರಾಜ ಟ್ರ್ಯಾಕ್ಟರಿನ ಬಳಿ ನಿಂತು ಇಳಿಸಿಕೊಡುತ್ತಿದ್ದ, ಸಂಗಮೇಶ ಆಳುಗಳಿಗೆ ಹೇಳಿ ಅವನ್ನು ಅಂಗಳದ ನಡುವೆಯೇ ಪೇರಿಸುತ್ತಿದ್ದ. ನೀಲವ್ವನವರು ಅಡುಗೆಮನೆಯಿಂದ ನನಗೆ ಚಹಾ ತಂದುಕೊಟ್ಟು, ಅಲ್ಲೇ ಹೊಸ್ತಿಲಲ್ಲಿ ನಿಂತು ನೋಡಿದವರು ಇದ್ದಕ್ಕಿದ್ದಂತೆ ಕೂಗಿದರು.

"ಅಲ್ಲಿ ಬ್ಯಾಡೊ ಸಂಗೂ. ಗ್ವಾಡಿಗೆ ಹಚ್ಚಿ ಇಡಸು."

"ಯಾಕ ಬೇ? ಇಲ್ಲಿದ್ರ ಹಾಸಾಕ ಸಮೀಪ ಅಕ್ಕೈತಿ."

ನೀಲವ್ವನವರು ಆಳುಗಳ ಕಡೆ ನೋಡಿದರು, ನನ್ನ ಕಡೆ ನೋಡಿದರು. "ಹೋಗಾಕ ಬರಾಕ ಅಡ್ಡ ಆಗ್ತೈತಿ" ಎಂದರು.

"ನೀ ಏನ್ ಇಲ್ಲಿ ಓಡೂ ಪಂದ್ಯಾ ಆಡಾಕಿ ಏನ?" ಎಂದು ಅವನು ನಕ್ಕ. ಆಳುಗಳೂ ನಕ್ಕರು. ನಾನೂ ನಕ್ಕೆನೆಂದು ಕಾಣುತ್ತದೆ. ನೀಲವ್ವನವರು ಇನ್ನೊಮ್ಮೆ, "ಹೇಳಿದ್ದ ಕೇಳೊ" ಎಂದರು, ಆದರೆ ದನಿ ತಗ್ಗಿತ್ತು. ಅವನು ಕಲ್ಲಿನ ರಾಶಿಯ ಪಕ್ಕ ನಿಂತು ಕೊನೆಯ ಕಲ್ಲಿಗೆ ಕೈಕೊಟ್ಟ. ಆಗ ನನ್ನ ಬಸಿಯ ಚಹಾ ನಡುಗಿತು.

ದೊಡ್ಡ ಸದ್ದೇನೂ ಆಗಲಿಲ್ಲ. ತುಂಬಿದ ಚೀಲವನ್ನು ನೆಲಕ್ಕೆ ಹಾಕಿದಾಗ ಬರುವಂಥ ಒಂದು ಶಬ್ದ, ಅಷ್ಟೆ. ಅಂಗಳದ ಮಣ್ಣು ಒಳಕ್ಕೆ ಉಸಿರೆಳೆದುಕೊಂಡಂತೆ ತಗ್ಗಿತು. ಕಲ್ಲಿನ ರಾಶಿ ಒಂದು ಕಡೆ ಜಾರಿ ಅಲ್ಲೇ ಒರಗಿ ನಿಂತಿತು. ಸಂಗಮೇಶ ನಿಂತಲ್ಲಿ ಇರಲಿಲ್ಲ. ಅಲ್ಲಿ ಕೊಡದ ಬಾಯಿಯಂಥ ದುಂಡನೆಯ ಒಂದು ಕತ್ತಲು ಇತ್ತು.

ಅದು ಹಗೇವು. ಜೋಳ ತುಂಬಿಡಲು ನೆಲದೊಳಗೆ ತೋಡುತ್ತಿದ್ದ, ಬಾಯಿ ಕಿರಿದಾಗಿ ಹೊಟ್ಟೆ ಅಗಲವಾಗಿರುವ ಕುಣಿ. ಬಾಯಿಗೆ ಚಪ್ಪಡಿ ಮುಚ್ಚಿ ಮೇಲೆ ಮಣ್ಣೆಳೆದರೆ ಗುರುತೇ ಉಳಿಯುವುದಿಲ್ಲ. ಉಳಿಯಬಾರದೆಂದೇ ಹಾಗೆ ಮಾಡುತ್ತಿದ್ದರು. ಲೂಟಿ ಮಾಡುವವರು, ಕಂದಾಯ ಕೇಳುವವರು ಬರುತ್ತಿದ್ದ ಕಾಲದಲ್ಲಿ ಮನೆಯ ಉಸಿರು ಉಳಿಯುತ್ತಿದ್ದದ್ದು ಅದರೊಳಗೆ. ಅದರ ಜಾಗ ಮನೆಯ ಹಿರಿಯನಿಗೆ ಮತ್ತು ಹಿರಿಯ ಸೊಸೆಗೆ ಮಾತ್ರ ಗೊತ್ತು. ಹೊರಗಿನವರ ಎದುರು ಅದರ ಹೆಸರೆತ್ತುವುದಿಲ್ಲ. ಕಾಳು ಚೀಲಕ್ಕೆ ಬಂದು, ಹಗೇವುಗಳು ಖಾಲಿಯಾಗಿ ಎಷ್ಟೋ ಕಾಲವಾಗಿತ್ತು. ಗುಟ್ಟು ಮಾತ್ರ ಖಾಲಿಯಾಗಿರಲಿಲ್ಲ.

ಒಳಗಿನಿಂದ ದನಿ ಬಂತು. ಅದನ್ನು ನಾನು ಸ್ಪಷ್ಟವಾಗಿ ಕೇಳಿದ್ದೇನೆ, ಇಂದಿಗೂ ಕೇಳುತ್ತೇನೆ. "ಏನ ಆಗಿಲ್ಲವ್ವಾ, ಕಾಲ ಉಳಕೇತಿ ಅಷ್ಟ" ಎಂದ. ಆಮೇಲೆ ನಗುತ್ತಾ, "ಬಾಯಾರ, ಇಲ್ಲೊಂದ ಖೋಲಿ ಐತ್ರಿ. ನಕಾಶದಾಗ ಹಾಕೇ ಇಲ್ಲಲ್ಲ!" ಎಂದ. ನಾವೂ ಎದೆಯ ಮೇಲೆ ಕೈಯಿಟ್ಟುಕೊಂಡು ನಕ್ಕೆವು. ಬಸವರಾಜ ಹಗ್ಗಕ್ಕೆ ಓಡಿದ. ಅವನು ಹಗ್ಗ ತರುವಷ್ಟರಲ್ಲಿ ಒಳಗಿನ ದನಿ ನಿದ್ದೆ ಬಂದವರಂತೆ ತೊದಲಿತು. ಅಣ್ಣಾ ಎಂದಿತೋ ಅವ್ವಾ ಎಂದಿತೋ ತಿಳಿಯಲಿಲ್ಲ. ಆಮೇಲೆ ಏನೂ ಇಲ್ಲ.

ಬಸವರಾಜ ಚಪ್ಪಲಿ ಕಿತ್ತೊಗೆದು ಇಳಿಯಲು ಹೋದ. ನೀಲವ್ವನವರು ಹಿಂದಿನಿಂದ ಬಂದು ಅವನ ನಡು ಹಿಡಿದರು.

"ಇಳೀಬ್ಯಾಡ! ಮೊದಲ ದೀಪ ಇಳಸ್ರಿ!"

"ಅವ್ವಾ ಬಿಡು, ಅಂವ ಸಾಯ್ತಾನ!"

"ನೀನೂ ಸಾಯ್ತೀ! ಹಗೇವಿನ ಗಾಳಿ ಅದು. ದೀಪ ಇಳಸ್ರಿ ಅಂದೆ!"

ಮುಚ್ಚಿಟ್ಟ ಹಗೇವಿನಲ್ಲಿ ಉಳಿದ ಕಾಳು ಕೊಳೆತು ಗಾಳಿ ಕೆಡುತ್ತದೆ. ಬಾಯಿ ತೆರೆದ ಕೂಡಲೇ ಯಾರೂ ಇಳಿಯುವುದಿಲ್ಲ. ಮೊದಲು ದೀಪ ಇಳಿಬಿಡುತ್ತಾರೆ, ಅದು ಉರಿದರೆ ಮನುಷ್ಯ ಇಳಿಯಬಹುದು. ಆಳೊಬ್ಬ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಬಿಟ್ಟ. ಅದು ಕುಣಿಯ ಬಾಯಿ ದಾಟಿತು, ಸ್ವಲ್ಪ ಕೆಳಗಿಳಿಯಿತು, ಯಾರೋ ಬೆರಳಿಂದ ಒತ್ತಿದಂತೆ ಆರಿತು. ಮೇಲೆಳೆದು ಹಚ್ಚಿ ಮತ್ತೆ ಬಿಟ್ಟರು. ಮತ್ತೆ ಆರಿತು. ಬಸವರಾಜ ಕೊಸರಾಡಿದ, ತಾಯಿಯನ್ನು ಬೈದ, ಬಾಯಿಗೆ ಬಂದದ್ದೆಲ್ಲ ಅಂದ. ಆಕೆ ಅವನನ್ನು ನೆಲಕ್ಕೆ ಕೆಡವಿ ಅವನ ಕಾಲ ಮೇಲೆ ಕೂತುಬಿಟ್ಟರು. ಅಲ್ಲಿ ಕೂತೇ ಹೇಳಿದರು: ಛತ್ರಿ ತರ್ರಿ, ಹಗ್ಗಕ್ಕ ಕಟ್ಟಿ ಏರಿಸಿ ಇಳಿಸಿ ಗಾಳಿ ಆಡಸ್ರಿ, ಕಮ್ಮಾರರ ಭಟ್ಟಿ ಊದೂ ಯಂತ್ರ ತರಸ್ರಿ. ಓಣಿಯೆಲ್ಲ ಬಂದು ಹಾಗೆಯೇ ಮಾಡಿತು. ಆಕೆಯ ದನಿ ಒಮ್ಮೆಯೂ ನಡುಗಲಿಲ್ಲ. ಕೈ ಮಾತ್ರ ಹಿರಿಯ ಮಗನ ಧೋತರದ ಅಂಚನ್ನು ಸುತ್ತಿ ಸುತ್ತಿ ಬಿಗಿಯುತ್ತಿತ್ತು.

ಕಂದೀಲು ಕೊನೆಗೆ ಉರಿಯಿತು. ಆಗ ಇಳಿದರು, ಎತ್ತಿದರು. ಮೈಮೇಲೆ ಒಂದು ಗಾಯವಿರಲಿಲ್ಲ, ಉಸಿರೂ ಇರಲಿಲ್ಲ. ತುಟಿಯ ಅಂಚಿನಲ್ಲಿ ಹಳೆಯ ಜೋಳದ ಒಂದು ಕಾಳು ಅಂಟಿಕೊಂಡಿತ್ತು. ನೀಲವ್ವನವರು ಆಗ ಬಸವರಾಜನ ಕಾಲ ಮೇಲಿಂದ ಎದ್ದು, ಆ ಕಾಳನ್ನು ಸೆರಗಿನಿಂದ ಒರೆಸಿ ತೆಗೆದರು.

ಇಷ್ಟನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಬೈಲಹೊಂಗಲದ ನಮ್ಮ ಮನೆಯಲ್ಲಿ ಹಾಸಿಗೆಗೆ ಬೆನ್ನು ಹಚ್ಚಿದರೆ ನೆಲ ತೆಳ್ಳಗಾಗುತ್ತಿತ್ತು. ಗೋಡೆಯ ಪಕ್ಕಕ್ಕೆ, ಅಡಿಪಾಯ ಇರುವ ಕಡೆಗೆ ಸರಿದು ಮಲಗುತ್ತಿದ್ದೆ. ದಾರಿಯಲ್ಲಿ ಹೊಸ ಮಣ್ಣು ಕಂಡರೆ ಬಳಸಿ ಹೋಗುತ್ತಿದ್ದೆ. ಅಪ್ಪ ಏನೂ ಕೇಳುತ್ತಿರಲಿಲ್ಲ. ಬಳಿ ಬಂದು ಕೂತು, ಹಿಮ್ಮಡಿಯಿಂದ ನೆಲವನ್ನು ದಡದಡ ಬಡಿದು, "ಕೇಳಿಲ್ಲಿ, ಗಟ್ಟಿ ಐತಿ" ಎನ್ನುತ್ತಿದ್ದರು. ಅಷ್ಟಾದ ಮೇಲೂ ಕಣ್ಣು ಮುಚ್ಚಿದರೆ ಕಂದೀಲು ಇಳಿಯುತ್ತಿತ್ತು, ಆರುತ್ತಿತ್ತು. ನಾನು ಎದ್ದು ಕೂಡುತ್ತಿದ್ದೆ.

ಕಚೇರಿಯಲ್ಲಿ ಆ ಮನೆ ಕಂಪ್ಯೂಟರಿನೊಳಗೆ ಹಾಗೇ ನಿಂತಿತ್ತು. ಒಂದು ಬಿರುಕೂ ಇಲ್ಲದೆ, ಧೂಳೂ ಕೂರದೆ, ನಾನು ಕಟ್ಟಿದಂತೆಯೇ. ಅಂಗಳದಲ್ಲಿ ಬೂದು ಮನುಷ್ಯ ನಿಂತೇ ಇದ್ದ. ಗುಂಡಿಯೊಂದನ್ನು ಒತ್ತಿದರೆ ಅವನು ಅಳಿಸಿಹೋಗುತ್ತಿದ್ದ. ನನಗೆ ಒತ್ತಲಾಗಲಿಲ್ಲ. ನಿಲ್ಲಿಸಿಡಲೂ ಆಗಲಿಲ್ಲ, ಅವನು ನಿಂತ ಜಾಗ ಅದೇ ಜಾಗ. ನನ್ನ ನಕಲು ಮೂಲಕ್ಕೆ ನಿಷ್ಠವಾಗಿತ್ತೆಂದು ಸಾಹೇಬರು ಸಮಾಧಾನ ಹೇಳಿದರು. ಅದು ನಿಜ. ಹಾಳೆಯಲ್ಲಿ ಇದ್ದದ್ದೆಲ್ಲ ಪರದೆಯಲ್ಲಿತ್ತು. ಆದರೆ ಮನೆ ಎಂಬುದು ಹಾಳೆಗೆ ಬರಲು ಒಪ್ಪಿದ್ದಷ್ಟೇ ಅಲ್ಲ ಎಂಬ ಸರಳ ಸತ್ಯ ನನ್ನನ್ನು ಒಳಗಿನಿಂದ ಕೊರೆಯುತ್ತಿತ್ತು.

ಮನಸ್ಸು ಬದಲಾಗಲೆಂದು ಅಪ್ಪ ಒಂದು ಭಾನುವಾರ ಕಿತ್ತೂರಿಗೆ ಕರೆದುಕೊಂಡು ಹೋದರು. ಕೋಟೆಯೊಳಗಿನ ಅರಮನೆಗೆ ಮಾಳಿಗೆಯಿಲ್ಲ. ಗೋಡೆಗಳು ಎದೆಯೆತ್ತರಕ್ಕೋ ಮೊಣಕಾಲೆತ್ತರಕ್ಕೋ ಉಳಿದು, ಇದು ಊಟದ ಮನೆ, ಇದು ಸ್ನಾನದ ಮನೆ ಎಂದು ತೋರಿಸುತ್ತವೆ. ಶಾಲೆಯ ಮಕ್ಕಳು ಒಂದು ಕೋಣೆಯಿಂದ ಇನ್ನೊಂದಕ್ಕೆ ಬಾಗಿಲಿನಿಂದ ಹೋಗದೆ ಗೋಡೆ ಜಿಗಿದು ಹೋಗುತ್ತಿದ್ದರು. ನನ್ನ ಕೆಲಸದ ತಿರುಗುಮುರುಗು ಅಲ್ಲಿ ನಡೆದಿತ್ತು. ನಾನು ಗೆರೆಯನ್ನು ಎತ್ತಿ ಗೋಡೆ ಮಾಡುತ್ತೇನೆ. ಕಾಲ ಗೋಡೆಯನ್ನು ಇಳಿಸಿ ಗೆರೆ ಮಾಡುತ್ತದೆ. ಎಲ್ಲ ಮನೆಗಳೂ ಒಂದು ದಿನ ತಮ್ಮ ನಕಾಶೆಗೆ ಮರಳುತ್ತವೆ. ಆಗಲೂ ಉಳಿಯುವುದು ನೆಲದೊಳಗಿನದು, ನಾವು ಗೀಟೆಳೆದು ಬಿಟ್ಟದ್ದು. ಆ ವಿಚಾರದಿಂದ ಸಮಾಧಾನ ಸಿಗಲಿಲ್ಲ. ಆದರೆ ಅಪ್ಪ ಕೊಡಿಸಿದ ಮಿರ್ಚಿ ಭಜಿಯನ್ನು ಅಲ್ಲಿ ಕೂತು ತಿಂದೆ. ಬಹಳ ದಿನಗಳ ಮೇಲೆ ಹಸಿವೆಯಾಗಿತ್ತು.

ಮುಂದಿನ ಬೇಸಿಗೆಯಲ್ಲಿ ನೀಲವ್ವನವರು ಕಚೇರಿಗೆ ಬಂದರು. ಜೊತೆಗೆ ಬಸವರಾಜನಿದ್ದ, ಅವನು ತಾಯಿಯೊಂದಿಗೆ ಮಾತಾಡುತ್ತಾನೋ ಇಲ್ಲವೋ ಎಂದು ನನಗೆ ಭಯವಿತ್ತು. ಅವನು ಆಕೆಯ ಚಪ್ಪಲಿಯನ್ನು ತಾನೇ ಬಾಗಿಲ ಪಕ್ಕ ಸರಿಸಿಟ್ಟು, ಹೊರಗಿನ ಬೆಂಚಿನಲ್ಲಿ ಕೂತ. ಆಕೆ ಒಳಗೆ ಬಂದು ಅದೇ ಕುರ್ಚಿಯಲ್ಲಿ ಕೂತರು.

"ನಮ್ಮ ಮನಿ ತೋರಸು ತಂಗಿ."

"ಬ್ಯಾಡ್ರೀ ಅವ್ವಾರ" ಎಂದೆ.

"ತೋರಸು. ಮನಿ ಕಟ್ಟಬೇಕು. ಬಸೂನ ಹೆಂಡತಿ ಬಸರಿ ಅದಾಳ. ನಾಳೆ ಅಂಗಳದಾಗ ಕೂಸು ಆಡ್ತೈತಿ."

ಮನೆ ತೆರೆಯಿತು. ಆಕೆ ಪರದೆಯ ಹತ್ತಿರ ಬಗ್ಗಿ, ಗಾಜಿನ ಮೇಲೆ ಬೆರಳಿಟ್ಟರು. "ಇಲ್ಲಿ ಬಾಯಿ. ಒಳಗ ಗಡಿಗಿ ಇದ್ದಂಗ. ಎರಡಾಳ ಆಳ." ಆಮೇಲೆ ಬೆರಳನ್ನು ಹಿತ್ತಲ ಬೇವಿನ ಗಿಡದ ಕಡೆಗೆ ಸರಿಸಿದರು. ಅಲ್ಲಿ ಹೊಸ ಕೋಣೆಯೊಂದರ ಗೋಡೆ ಏಳುವುದಿತ್ತು. "ಇಲ್ಲಿ ಇನ್ನೊಂದ ಐತಿ. ನಮ್ಮ ಅತ್ತಿ ನನಗ ಒಬ್ಬಾಕಿಗೇ ಹೇಳಿದ್ಲು. ಬಸೂಗೂ ನಿನ್ನೆ ಹೇಳೇನಿ. ನೀನೂ ಹಾಕು. ಎಲ್ಲಾರಿಗೂ ಕಾಣೂ ಹಂಗ ಹಾಕು."

ನಾನು ಅಳತೆ ಕೇಳಿದೆ, ಆಕೆ ಕೈಚಾಚಿ ತೋರಿಸಿದರು. ಗೆರೆ ಎಳೆದೆ, ಗೆರೆಯನ್ನು ನೆಲದ ಕೆಳಗೆ ಇಳಿಸಿದೆ. ಖಾಲಿ ಕತ್ತಲೊಳಗೆ ಎರಡು ಗಡಿಗೆಗಳು ಮೂಡಿನಿಂತವು. ಆಕೆ ನೋಡುತ್ತಾ ಕೂತಿದ್ದರು. ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದರು:

"ಆವತ್ತ ಹೇಳಬೇಕಿತ್ತು. ನಾಲಗಿ ತುದಿಗೆ ಬಂದಿತ್ತು. ಹೊರಗಿನವರ ಅದಾರಲ್ಲ ಅಂತ ನುಂಗಿದೆ, ಯವ್ವಾ."

ಹೊರಗಿನವಳು ನಾನು. ಒಬ್ಬ ತಾಯಿಯ ಬಾಯಿಯಲ್ಲಿ ಮಗನ ಜೀವ ಉಳಿಸುವ ಒಂದು ಮಾತು ನಿಂತಿತ್ತು. ನಾನು ಚಹಾ ಹಿಡಿದುಕೊಂಡು ಪಕ್ಕದಲ್ಲಿ ನಿಂತದ್ದರಿಂದ ಅದು ಹೊರಗೆ ಬರಲಿಲ್ಲ. ಅದು ಯಾರ ತಪ್ಪೂ ಅಲ್ಲದಿರುವುದೇ ಅದರ ಭಾರ. ತಪ್ಪಾದರೆ ಹೊತ್ತು ಇಳಿಸಬಹುದು. ಇದನ್ನು ಎಲ್ಲಿ ಇಳಿಸುವುದು? ಈಗ ಅದೇ ಮಾತನ್ನು ಆಕೆ ಎಂಟು ಹತ್ತು ಹಳ್ಳಿ ದಾಟಿ ಬಂದು, ಮನೆತನದ ರೂಢಿ ಮುರಿದು, ಆ ಹೊರಗಿನವಳಿಗೇ ಹೇಳಿದ್ದರು. ನಾನು ಅತ್ತುಬಿಟ್ಟೆ. ಆಕೆ ಅಳಲಿಲ್ಲ; ನನ್ನ ಬೆನ್ನ ಮೇಲೆ ಕೈಯಿಟ್ಟುಕೊಂಡು ಪರದೆಯನ್ನೇ ನೋಡುತ್ತಿದ್ದರು.

"ಅಂವ ಇನ್ನ ಅಲ್ಲೇ ನಿಂತಾನಲ್ಲ" ಎಂದರು.

"ತಗದಬಿಡ್ಲೇನ್ರಿ?"

"ಬ್ಯಾಡ, ತಗೀಬ್ಯಾಡ. ಆದರ ಅಲ್ಲಿ ನಿಲ್ಲಸಬ್ಯಾಡ. ಪಡಸಾಲಿಗೆ ಕರಕೊಂಡ ಬಾ."

ಬೂದು ಮನುಷ್ಯನನ್ನು ಅಂಗಳದಿಂದ ಎತ್ತಿದೆ. ಗೋಡೆಯ ಮೂಲಕ ಸೀದಾ ತರಬಹುದಿತ್ತು. ಪರದೆಯಲ್ಲಿ ಗೋಡೆಗಳು ಅಡ್ಡ ಬರುವುದಿಲ್ಲ. ನಾನು ಹಾಗೆ ಮಾಡಲಿಲ್ಲ. ಹಿತ್ತಲ ಹೊಸ್ತಿಲು ದಾಟಿಸಿ, ನಡುಮನೆಯಿಂದ, ಬಾಗಿಲ ಬಾಗಿಲಾಗಿ ನಡೆಸಿಕೊಂಡು ಬಂದು ಪಡಸಾಲೆಯ ಕಂಬದ ಪಕ್ಕ ನಿಲ್ಲಿಸಿದೆ. ಬೀದಿಯ ಕಡೆ ಮುಖ ಮಾಡಿಸಿದೆ, ಮುಖವಿಲ್ಲದವನಿಗೆ.

"ಈಟ ಹೊಟ್ಟಿ ಹಚ್ಚು ಅಂದಿದ್ದ" ಎಂದರು ನೀಲವ್ವನವರು. ಹಚ್ಚಿದೆ. ಬಸವರಾಜನನ್ನು ಒಳಗೆ ಕರೆದರು. ಅವನು ಬಾಗಿಲಲ್ಲೇ ನಿಂತು ನೋಡಿ, "ಹೂಂ. ಈಗ ಸರಿ ಆತು" ಎಂದು ಹೇಳಿ, ತಾಯಿಯ ಕುರ್ಚಿಯ ಹಿಂದೆ ಬಂದು ನಿಂತ.

ಎದುರಿನ ಅಂಗಡಿಯಿಂದ ಚಹಾ ಬಂತು. ಮೂವರೂ ಬಸಿಗೆ ಸುರುವಿಕೊಂಡೆವು. ನನ್ನ ಬಸಿಯ ಚಹಾ ತೂಗಾಡಿತು. ನಾನು ಕುಡಿಯದೆ ಅದನ್ನೇ ನೋಡುತ್ತಿದ್ದೆ. ನೀಲವ್ವನವರೂ ತಮ್ಮ ಬಸಿ ಹಿಡಿದು ಕಾಯುತ್ತಿದ್ದರು. ಮೆಲ್ಲಗೆ, ಅಂಚಿನಿಂದ ನಡುವಿಗೆ, ಅದು ಸಮವಾಯಿತು. "ಕುಡಿ ಯವ್ವಾ, ಆರ್ತೈತಿ" ಎಂದರು.

ಆ ದಿನ ಕತ್ತಲಾದ ಮೇಲೆ ನಾನು ಹಾಸಿಗೆಯನ್ನು ಗೋಡೆಯ ಪಕ್ಕಕ್ಕೆ ಎಳೆದುಕೊಳ್ಳುವುದನ್ನು ಮರೆತೆ. ಕಣ್ಣು ಬಿಟ್ಟಾಗ ಅಪ್ಪ ಚಹಾದ ಕಪ್ಪು, ಬಸಿ ಹಿಡಿದು ಪಕ್ಕದಲ್ಲಿ ಕೂತಿದ್ದರು, ನೆಲದ ಮೇಲೆ ಬಿಸಿಲು ಬಿದ್ದಿತ್ತು.